ಬೆಟ್ಟ ಇಳಿದ ಮೇಲಿನ ಹಾದಿ

ಬೆಟ್ಟ ಹತ್ತಿ ಬರುವ ಯಾತ್ರಿಕರು ಸಾಮಾನ್ಯವಾಗಿ ದೊಡ್ಡ ವಿಷಯವನ್ನೇ ಹೊತ್ತು ತರುತ್ತಾರೆ. ಮಗಳ ಮದುವೆ, ಮಗನ ಕೆಲಸ, ತೀರದ ಸಾಲ, ವಾಸಿಯಾಗದ ಕಾಯಿಲೆ, ನೀರು ಬಾರದ ಬೋರ್‌ವೆಲ್. ಬರಿಗಾಲಲ್ಲಿ ನಡೆದು ಬರುವವರಿದ್ದಾರೆ, ಮೊಣಕಾಲೂರಿ ಮೆಟ್ಟಿಲು ಹತ್ತುವವರಿದ್ದಾರೆ. ಶಿಲುಬೆ ಹಾದಿಯ 14 ಸ್ಥಳಗಳಲ್ಲೂ ನಿಂತು ಪ್ರಾರ್ಥಿಸಿ, ಮೇಣದಬತ್ತಿ ಹಚ್ಚಿ, ಕಣ್ಣೀರು ಒರೆಸಿಕೊಂಡು ಮನಸ್ಸು ಹಗುರ ಮಾಡಿಕೊಂಡು ಇಳಿದು ಹೋಗುತ್ತಾರೆ. ಇದೆಲ್ಲ ಒಳ್ಳೆಯದೇ. ಹರಕೆ ಹೊತ್ತವರ ಭಕ್ತಿಯನ್ನು ಯಾರೂ ಹಗುರವಾಗಿ ಕಾಣಬಾರದು.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ವರ್ಷಕ್ಕೆ 365 ದಿನ. ಬೆಟ್ಟದ ಮೇಲೆ ಕಳೆಯುವುದು ಒಂದು ದಿನ. ಮಿಕ್ಕ 364 ದಿನ ಹೊಲ, ಹಟ್ಟಿ, ಅಂಗಡಿ, ಆಫೀಸು, ಬಸ್ಸು, ಅಡಿಗೆಮನೆ. ಹಾಗಾದರೆ ಮನುಷ್ಯನ ಆತ್ಮವನ್ನು ರೂಪಿಸುವುದು ಆ ಒಂದು ದಿನವೋ, ಈ 364 ದಿನಗಳೋ?

ಪ್ರಭು ಯೇಸುವಿನ ಬಾಳನ್ನೇ ನೋಡಿದರೆ ಉತ್ತರ ಅರ್ಧ ಸಿಕ್ಕಿಬಿಡುತ್ತದೆ. ಪ್ರಭು ಊರೂರು ತಿರುಗಿ ಬೋಧಿಸಿದ್ದು ಸುಮಾರು 3 ವರ್ಷ. ಅದಕ್ಕೆ ಮೊದಲು ಸುಮಾರು 30 ವರ್ಷ ನಜರೇತ್ ಎಂಬ ಸಣ್ಣ ಊರಿನಲ್ಲಿ ಬಡಗಿ ಕೆಲಸ, ತಂದೆತಾಯಿಗೆ ವಿಧೇಯತೆ. ಆ 30 ವರ್ಷದಲ್ಲಿ ಒಂದೂ ದೊಡ್ಡ ಅದ್ಭುತ ಬರೆದಿಟ್ಟಿಲ್ಲ. ಹಾಗಂತ ಅದು ವ್ಯರ್ಥವಾದ ಕಾಲವೇ? ಅಲ್ಲವೇ ಅಲ್ಲ. ಮರ ಅಳೆದು ಕೊಯ್ದ ಪ್ರತಿ ದಿನವೂ ದೇವರ ಮಗನ ದಿನವೇ ಆಗಿತ್ತು.

ಡೇರಿ ಮುಂದಿನ ಐದು ನಿಮಿಷ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳಲ್ಲಿ ಬೆಳಗಾಗುವುದು ಹಾಲಿನ ಡೇರಿ ಮುಂದೆ. ಕತ್ತಲಿರುವಾಗಲೇ ಹಸು ಕರೆದು ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಮನೆಯಿಂದ ಹೊರಡುವ ಮುಂಚೆ ಒಂದು ಸಣ್ಣ ಯೋಚನೆ ಬರುತ್ತದೆ: "ಅರ್ಧ ಲೋಟ ನೀರು ಹಾಕಿದರೆ ಏನಾಗ್ತದೆ? ಯಾರು ನೋಡ್ತಾರೆ?"

ಹಾಲು ನೀರಿಗಿಂತ ಗಟ್ಟಿ. ಅದಕ್ಕೇ ಲ್ಯಾಕ್ಟೋಮೀಟರ್ ಶುದ್ಧ ಹಾಲಿನಲ್ಲಿ ಮೇಲೆ ತೇಲುತ್ತದೆ, ನೀರು ಬೆರೆತರೆ ಕೆಳಗಿಳಿಯುತ್ತದೆ. ಇದನ್ನು ಮರೆಸಲು ಕೆಲವರು ಸಕ್ಕರೆಯನ್ನೋ ಉಪ್ಪನ್ನೋ ಬೆರೆಸುತ್ತಾರೆ. ಆಗ ಅದು ಮತ್ತೆ ಮೇಲೇರುತ್ತದೆ. ಅದನ್ನು ಹಿಡಿಯಲು ಬೇರೆ ಪರೀಕ್ಷೆ ಬಂದಿದೆ. ಆ ಪರೀಕ್ಷೆ ತಪ್ಪಿಸಲು ಮತ್ತೊಂದು ಉಪಾಯ ಬೇಕು. ಇಲ್ಲಿ ನೀತಿಯ ಒಂದು ದೊಡ್ಡ ಸತ್ಯವಿದೆ. ಸಣ್ಣ ಸುಳ್ಳು ಒಂಟಿಯಾಗಿ ಬಾಳುವುದಿಲ್ಲ. ಅದಕ್ಕೆ ಜೊತೆ ಬೇಕು. ಅರ್ಧ ಲೋಟ ನೀರು ಹಾಕಿದವನು ಅರ್ಧ ಲೋಟಕ್ಕೆ ನಿಲ್ಲಬೇಕೆಂದೇ ಅಂದುಕೊಂಡಿರುತ್ತಾನೆ. ಆದರೆ ನಾಳೆ ಬೆಳಿಗ್ಗೆ ಅವನ ಕೈ ತಾನಾಗಿಯೇ ಕೊಡದ ಕಡೆಗೆ ಹೋಗುತ್ತದೆ. ಮೊದಲನೆಯ ದಿನ ಅವನು ಆರಿಸಿಕೊಂಡ. ನೂರನೆಯ ದಿನ ಅಭ್ಯಾಸವೇ ಅವನನ್ನು ಆರಿಸಿಕೊಂಡಿರುತ್ತದೆ.

ಇನ್ನೊಂದು ಮಾತು. ಊರಿನ ಹಾಲೆಲ್ಲ ಒಟ್ಟಿಗೆ ಸೇರುತ್ತದೆ. ಒಟ್ಟು ಹಾಲಿನ ಗುಣ ಕೆಟ್ಟರೆ ನೀರು ಹಾಕದವನಿಗೂ ಪೆಟ್ಟು. ಎರಡು ಹಸು ಕಟ್ಟಿಕೊಂಡು ಮಕ್ಕಳನ್ನು ಓದಿಸುವ ವಿಧವೆಯ ಬಟವಾಡೆಗೂ ಅದು ತಟ್ಟುತ್ತದೆ. "ಇದು ನನ್ನ ಮತ್ತು ದೇವರ ನಡುವಿನ ವಿಷಯ" ಎಂದು ಹೇಳಿಕೊಳ್ಳುವ ಹಾಗಿಲ್ಲ. ನಡುವೆ ನೆರೆಯವರು ನಿಂತಿದ್ದಾರೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮೂವತ್ತು ನಾಣ್ಯಕ್ಕೆ ಮುಂಚೆ

ಯೂದನ ಹೆಸರು ಹೇಳಿದರೆ ಎಲ್ಲರಿಗೂ 30 ಬೆಳ್ಳಿ ನಾಣ್ಯ ನೆನಪಾಗುತ್ತದೆ. ಆದರೆ ಸಂತ ಯೊವಾನ್ನರು ತಮ್ಮ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಇನ್ನೊಂದು ಸಂಗತಿ ತಿಳಿಸಿದ್ದಾರೆ. ಶಿಷ್ಯರ ಹಣದ ಚೀಲ ಅವನ ಕೈಯಲ್ಲಿತ್ತು, ಅದರಿಂದ ಅವನು ಆಗಾಗ ಕದಿಯುತ್ತಿದ್ದ. ಬಹುಶಃ ಪುಡಿಗಾಸು. ಯಾರ ಲೆಕ್ಕಕ್ಕೂ ಬಾರದ್ದು. ಆದರೆ ಪುಡಿಗಾಸಿಗಾಗಿ ಗುರುವಿನ ನಂಬಿಕೆಯನ್ನು ದಿನಾ ಮಾರುತ್ತಿದ್ದವನಿಗೆ, 30 ನಾಣ್ಯ ಎದುರು ಬಂದಾಗ ಗುರುವನ್ನೇ ಮಾರುವುದು ಕಷ್ಟವೆನಿಸಲಿಲ್ಲ. ಆ ರಾತ್ರಿಯ ದ್ರೋಹ ಬಹಳ ಹಗಲುಗಳಿಂದ ತಯಾರಾಗಿತ್ತು.

ಸಂತ ಪೇತ್ರರದ್ದೂ ಅದೇ ರಾತ್ರಿಯ ಕಥೆ. ಸಾಯುವುದಾದರೂ ಸರಿ, ಕೈಬಿಡುವುದಿಲ್ಲ ಎಂದು ದೊಡ್ಡ ಮಾತು ಕೊಟ್ಟಿದ್ದರು. ಗೆತ್ಸೆಮನೆಯಲ್ಲಿ ಪ್ರಭು ಕೇಳಿದ್ದು ಬಹಳ ಚಿಕ್ಕದು, ಒಂದು ಗಂಟೆ ಎಚ್ಚರವಾಗಿರುವುದು. ಅದಾಗಲಿಲ್ಲ, ನಿದ್ದೆ ಹೋದರು. ಮೂರು ಸಲ ಪ್ರಭು ಬಂದು ನೋಡಿದಾಗಲೂ ನಿದ್ದೆಯೇ. ಆಮೇಲೆ ಪ್ರಧಾನ ಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸುತ್ತಾ ಕೂತಾಗ ಒಬ್ಬ ದಾಸಿ ಹುಡುಗಿ ಕೇಳಿದ ಪ್ರಶ್ನೆಗೆ ಹೆದರಿ, ಆತನನ್ನು ಅರಿಯೆ ಎಂದುಬಿಟ್ಟರು. ಕತ್ತಿ ಹಿಡಿದ ಸೈನಿಕ ಕೇಳಿದ್ದಲ್ಲ, ಒಬ್ಬ ಕೆಲಸದ ಹುಡುಗಿ ಕೇಳಿದ್ದು! ದೊಡ್ಡ ಪರೀಕ್ಷೆ ದೊಡ್ಡ ವೇಷ ಹಾಕಿಕೊಂಡು ಬರುವುದಿಲ್ಲ. ಬೆಂಕಿ ಕಾಯಿಸುವಾಗ, ಹರಟೆ ಹೊಡೆಯುವಾಗ, ಮಾಮೂಲಿ ಮಾತಿನ ಹಾಗೆ ಬರುತ್ತದೆ.

ಸ್ವಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲೂ ನಂಬಿಗಸ್ತನಾಗಿರುತ್ತಾನೆ ಎಂಬ ಅರ್ಥದ ಪ್ರಭುವಿನ ಬೋಧನೆ ಲೂಕರ ಶುಭಸಂದೇಶದ 16ನೇ ಅಧ್ಯಾಯದಲ್ಲಿದೆ. ಅದು ಬರೀ ಉಪದೇಶವಲ್ಲ, ಮನುಷ್ಯ ಹೇಗೆ ಆಗುತ್ತಾನೆ ಎಂಬುದರ ವಿವರಣೆ.

ಶಿಡ್ಲಘಟ್ಟದ ಹುಳದ ಮನೆ

ಇದು ರೇಷ್ಮೆ ಸೀಮೆ. ಶಿಡ್ಲಘಟ್ಟದ ಸರ್ಕಾರಿ ಗೂಡಿನ ಮಾರುಕಟ್ಟೆ ರಾಜ್ಯದಲ್ಲೇ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಇಲ್ಲಿಯ ರೈತರಿಗೆ ಹುಳದ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಆ ಹುಳು ಕೊಡುವ ಪಾಠವನ್ನು ನೆನಪಿಸಿಕೊಳ್ಳಬಹುದು.

ರೇಷ್ಮೆ ಹುಳು ಸುಮಾರು 25 ದಿನ ಹಿಪ್ಪುನೇರಳೆ ಸೊಪ್ಪು ತಿನ್ನುತ್ತದೆ, ನಾಲ್ಕು ಜ್ವರ ದಾಟುತ್ತದೆ. ಹಣ್ಣಾದ ಮೇಲೆ ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಾ ಎರಡು ಮೂರು ದಿನ ನೂಲು ಬಿಡುತ್ತದೆ. ಒಂದು ಗೂಡಿನಲ್ಲಿ ನೂರಾರು ಮೀಟರ್ ಎಳೆ, ಒಳ್ಳೆ ತಳಿಯಾದರೆ ಒಂದು ಕಿಲೋಮೀಟರ್‌ವರೆಗೂ ಬರುತ್ತದೆ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಎಳೆ. ಆದರೆ ಸುತ್ತು ಸುತ್ತಾಗಿ ಅದೇ ಗೋಡೆಯಾಗುತ್ತದೆ. ಹುಳು ತಾನು ಬಿಟ್ಟ ನೂಲಿನ ಒಳಗೇ ತಾನು ವಾಸಿಸುತ್ತದೆ. ಮನುಷ್ಯನೂ ಹಾಗೇ. ಅವನು ಆಡಿದ ಮಾತು, ತಡೆದ ಮಾತು, ಕೊಟ್ಟದ್ದು, ಮುಚ್ಚಿಟ್ಟದ್ದು, ಇವೇ ಸುತ್ತಿ ಸುತ್ತಿ ಅವನ ಮನೆಯಾಗುತ್ತವೆ. ಕೊನೆಗೆ ಅವನು ಇರಬೇಕಾದದ್ದು ಅದರೊಳಗೇ. ಸಂತ ತೋಮಾಸ್ ಅಕ್ವಿನಾಸರು 13ನೇ ಶತಮಾನದಲ್ಲಿ ಸದ್ಗುಣವನ್ನು ಒಂದು ಸ್ಥಿರವಾದ ಅಭ್ಯಾಸ ಎಂದು ವಿವರಿಸಿದ್ದು ಇದೇ ಅರ್ಥದಲ್ಲಿ. ಒಂದು ಸಲ ಒಳ್ಳೆಯದು ಮಾಡಿದವನಿಗಿಂತ, ಒಳ್ಳೆಯದು ಮಾಡುವುದು ಸಹಜವಾಗಿಬಿಟ್ಟವನೇ ಸದ್ಗುಣಿ.

ಹುಳ ಸಾಕುವವರಿಗೆ ಇನ್ನೊಂದು ವಿಷಯವೂ ಗೊತ್ತು. ಹಾಲುತೊಂಡೆ, ಸುಣ್ಣಕಟ್ಟು, ಸಪ್ಪೆ ರೋಗ ಬಂದರೆ ಮೊದಲ ದಿನ ಒಂದೋ ಎರಡೋ ಹುಳುವಿನಲ್ಲಿ ಕಾಣುತ್ತದೆ. ಅಂದೇ ಆರಿಸಿ ತೆಗೆದು, ಕೈ ತೊಳೆದು, ಸುಣ್ಣ ಹಾಕಿದರೆ ಬೆಳೆ ಉಳಿದೀತು. "ಒಂದು ಹುಳು ತಾನೇ, ಬಿಡು" ಎಂದರೆ ಮನೆ ಪೂರ್ತಿ ಹೋದೀತು. ಧರ್ಮಸಭೆ ಲಘು ಪಾಪವನ್ನೂ ಮಾರಕ ಪಾಪವನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಲಘು ಪಾಪ ದೇವರ ಸ್ನೇಹವನ್ನು ಕಡಿಯುವುದಿಲ್ಲ, ನಿಜ. ಆದರೆ ಪಶ್ಚಾತ್ತಾಪವಿಲ್ಲದೆ ಬೆಳೆಯಲು ಬಿಟ್ಟರೆ ಅದು ದೊಡ್ಡದಕ್ಕೆ ಹಾದಿ ಮಾಡಿಕೊಡುತ್ತದೆ.

ತಕ್ಕಡಿ ಯಾರ ಕೈಯಲ್ಲಿದೆ

ಇಲ್ಲಿ ಒಬ್ಬ ಬಡವ ಎದ್ದು ನಿಂತು ಕೇಳಬಹುದು: "ಸ್ವಾಮಿ, ಟೊಮೆಟೊ ಬೆಲೆ ಬಿದ್ದಿದೆ. ಬಿಡಿಸಿದ ಕೂಲಿಯೂ ಹುಟ್ಟಲ್ಲ. ಚಿಂತಾಮಣಿ ಮಾರ್ಕೆಟ್ಟಿಗೆ ಹಾಕೋವಾಗ ಮೇಲೆ ನಾಲ್ಕು ಒಳ್ಳೆ ಹಣ್ಣು, ಕೆಳಗೆ ಗೋಲಿ ಹಣ್ಣು ಇಟ್ಟರೆ ಅದೂ ಪಾಪಾನಾ? ಸಾಲ ಕೊಟ್ಟೋನು ಬಡ್ಡಿ ಮೇಲೆ ಬಡ್ಡಿ ಹಾಕ್ತಾನೆ, ಅದು ಪಾಪ ಅಲ್ವಾ?"

ನ್ಯಾಯವಾದ ಪ್ರಶ್ನೆ. ಇದಕ್ಕೆ ಅವಸರದ ಉತ್ತರ ಕೊಡಬಾರದು. ಕ್ರೇಟಿನ ಕೆಳಗೆ ಕೆಟ್ಟ ಹಣ್ಣು ಇಡುವುದು ತಪ್ಪೇ. ಕೊಂಡವನೂ ಯಾರೋ ತಳ್ಳುಗಾಡಿಯ ಬಡವನೇ ಇರಬಹುದು. ಆದರೆ ಹಸಿವಿನಿಂದ, ಭಯದಿಂದ ಮಾಡಿದ್ದರ ತೂಕ ಬೇರೆ, ದುರಾಸೆಯಿಂದ ಮಾಡಿದ್ದರ ತೂಕ ಬೇರೆ. ಆ ತೂಕ ದೇವರಿಗೆ ಗೊತ್ತು. ಪವಿತ್ರ ಗ್ರಂಥದಲ್ಲಿ ಪ್ರವಾದಿ ಆಮೋಸರ ಸಿಟ್ಟು ತಿರುಗಿದ್ದು ಬಡವನ ಮೇಲಲ್ಲ. ಅಳತೆ ಕಿರಿದು ಮಾಡಿ, ತಕ್ಕಡಿಯಲ್ಲಿ ಮೋಸ ಮಾಡಿ, ಬಡವನನ್ನು ಜೋಡಿ ಚಪ್ಪಲಿಯ ಬೆಲೆಗೆ ಕೊಳ್ಳುವವರ ಮೇಲೆ. ಆದ್ದರಿಂದ ಸಣ್ಣ ಆಯ್ಕೆಗಳ ಮಾತು ಮೊದಲು ಸಲ್ಲಬೇಕಾದದ್ದು ತಕ್ಕಡಿ ಹಿಡಿದವರಿಗೆ, ಕೂಲಿ ಬಟವಾಡೆ ಮಾಡುವವರಿಗೆ, ಮೇಜಿನ ಹಿಂದೆ ಕೂತು ಅರ್ಜಿ ತೆಗೆದುಕೊಳ್ಳುವವರಿಗೆ. "ನಾಳೆ ಬಾ" ಎನ್ನುವ ಒಂದು ಮಾತು ಹೇಳುವವನಿಗೆ ಬಹಳ ಸಣ್ಣದು. ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಬಂದ ಮುದುಕಿಗೆ ಅದು ಒಂದು ದಿನದ ಊಟ.

ಜಕ್ಕಾಯ ಮರದಿಂದ ಇಳಿದು ಮಾಡಿದ್ದು ಏನು? ಮೋಸದಿಂದ ತೆಗೆದುಕೊಂಡಿದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದ. ಅವನ ಪರಿವರ್ತನೆ ಲೆಕ್ಕದ ಪುಸ್ತಕದಲ್ಲಿ ಕಾಣಿಸಿತು.

ಲೋಟದ ವಿಷಯ

ಚಿಕ್ಕಬಳ್ಳಾಪುರದ ಹೆಸರು ಕ್ರೈಸ್ತ ಚರಿತ್ರೆಯಲ್ಲಿ ಬಹಳ ಹಿಂದೆಯೇ ಬಂದಿದೆ. 18ನೇ ಶತಮಾನದ ಆರಂಭದಲ್ಲಿ ಫ್ರಾನ್ಸ್ ದೇಶದ ಯೇಸುಸಭೆಯ ಗುರುಗಳು ಇಲ್ಲಿ ಸೇವೆ ಮಾಡುತ್ತಿದ್ದರು. ಅವರಲ್ಲಿ ಲೆ ಗಾಕ್ ಎಂಬ ಗುರು 1709ರಲ್ಲಿ ಈ ಊರಿನಿಂದ ಬರೆದ ಪತ್ರ ಉಳಿದಿದೆ. ಅದರಲ್ಲಿ ಊರಿನ ಹೆಸರು ಚಿನ್ನಬಳ್ಳಾಪುರ ಎಂಬ ರೂಪದಲ್ಲಿದೆ. ಆ ಗುರುಗಳು ಕಾವಿ ತೊಟ್ಟು, ಮಾಂಸ ಬಿಟ್ಟು, ಸನ್ಯಾಸಿಗಳಂತೆ ಬಾಳಿದರು. ತುಂಬಾ ಕಷ್ಟಪಟ್ಟರು. ಆದರೆ ಅವರ ಮುಂದೆ ದಿನನಿತ್ಯದ ಒಂದು ಪ್ರಶ್ನೆ ಇತ್ತು. ಹೊಲೆಯರ, ಮಾದಿಗರ ಕೇರಿಯಲ್ಲಿ ಒಬ್ಬ ಕ್ರೈಸ್ತ ಸಾಯುತ್ತಿದ್ದಾನೆ. ಗುರು ಅವನ ಗುಡಿಸಲಿನ ಒಳಗೆ ಹೋಗಿ ಸಂಸ್ಕಾರ ಕೊಡಬೇಕೋ ಬೇಡವೋ? ಹೋದರೆ ಮೇಲುಜಾತಿಯವರು ದೂರವಾಗುತ್ತಾರೆ. ಹೋಗದಿದ್ದರೆ?

ಒಂದು ಹೊಸ್ತಿಲು ದಾಟುವ ವಿಷಯ. ಆದರೆ ಅದು ರೋಮಿನವರೆಗೂ ಹೋಯಿತು. 1704ರಲ್ಲಿ ಪುದುಚೇರಿಯಲ್ಲಿ ಪೋಪರ ಪ್ರತಿನಿಧಿ ತೂರ್ನೋನ್ ಅವರು, ರೋಗಿ ಯಾವ ಜಾತಿಯವನಾದರೂ ಗುರು ಅವನ ಮನೆಗೇ ಹೋಗಬೇಕು ಎಂದು ಆದೇಶ ಮಾಡಿದರು. ವಾದವಿವಾದ 40 ವರ್ಷ ನಡೆಯಿತು. 1744ರಲ್ಲಿ ಪೋಪ್ 14ನೇ ಬೆನೆಡಿಕ್ಟರು ಆ ಕೇರಿಗಳಿಗೆಂದೇ ಪ್ರತ್ಯೇಕ ಗುರುಗಳನ್ನು ನೇಮಿಸಲು ಒಪ್ಪಿದರು. ಹೊಸ್ತಿಲು ದಾಟಿದ್ದಾಯಿತು, ಬೇಲಿ ಮಾತ್ರ ಉಳಿಯಿತು.

ಇದು ಹಳೆಯ ಕಾಲದ ಕಥೆ ಎಂದು ಪುಟ ತಿರುಗಿಸುವ ಹಾಗಿಲ್ಲ. 2003ರ ನವೆಂಬರ್‌ನಲ್ಲಿ ಪೋಪ್ 2ನೇ ಜಾನ್ ಪೌಲರು ತಮಿಳುನಾಡಿನ ಧರ್ಮಾಧ್ಯಕ್ಷರಿಗೆ ಧರ್ಮಸಭೆಯೊಳಗಿನ ಜಾತಿ ಭೇದದ ವಿರುದ್ಧ ಖಂಡಿತವಾಗಿ ಮಾತಾಡಬೇಕಾಯಿತು. 2016ರ ಡಿಸೆಂಬರ್‌ನಲ್ಲಿ ಭಾರತದ ಧರ್ಮಾಧ್ಯಕ್ಷರ ಮಂಡಳಿ ದಲಿತ ಕ್ರೈಸ್ತರ ಬಗ್ಗೆ ನೀತಿ ಪ್ರಕಟಿಸಿ ತಪ್ಪನ್ನು ಒಪ್ಪಿಕೊಳ್ಳಬೇಕಾಯಿತು. ಚರ್ಚಿನಲ್ಲಿ ಒಂದೇ ಪರಮಪ್ರಸಾದ ಸ್ವೀಕರಿಸಿದ ಕೈ, ಮನೆಗೆ ಹೋಗಿ ಕೂಲಿಯವನಿಗೆ ಬೇರೆ ಲೋಟದಲ್ಲಿ ಕಾಫಿ ಕೊಟ್ಟರೆ, ಬಲಿಪೂಜೆಯಲ್ಲಿ ಹೇಳಿದ ಆಮೆನ್ ಎಲ್ಲಿ ಹೋಯಿತು? ಸಂಬಂಧ ನೋಡುವಾಗ "ಹುಡುಗಿ ಕಥೋಲಿಕಳೇನೋ ಸರಿ, ಯಾವ ಜನ?" ಎಂದು ಕೇಳಿದರೆ ಸ್ನಾನದೀಕ್ಷೆ ಏನಾಯಿತು? ಲೋಟ ಸಣ್ಣದು. ಆದರೆ ಆ ಲೋಟದಲ್ಲಿ ಇಡೀ ವಿಶ್ವಾಸ ಮುಳುಗಿ ಹೋಗಬಹುದು.

ಪುದೀನ ಮತ್ತು ಜೀರಿಗೆ

ಹಾಗಾದರೆ ಕ್ರೈಸ್ತನು ಉಸಿರಾಡುವುದಕ್ಕೂ ಲೆಕ್ಕ ಇಡಬೇಕೇ? ಬೆಳಗಿಂದ ರಾತ್ರಿವರೆಗೆ "ಇದು ಪಾಪವೋ, ಅದು ಪಾಪವೋ" ಎಂದು ಹೆದರಿ ಸಾಯಬೇಕೇ? ಬೇಡ. ಪ್ರಭುವೇ ಇದನ್ನು ಖಂಡಿಸಿದ್ದಾರೆ. ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತರಲ್ಲೊಂದು ಪಾಲು ಲೆಕ್ಕ ಹಾಕಿ ಕೊಟ್ಟು, ನ್ಯಾಯ, ಕರುಣೆ, ನಿಷ್ಠೆಯನ್ನು ಬಿಟ್ಟವರನ್ನು ಅವರು ಬೈದದ್ದು ಮತ್ತಾಯರ 23ನೇ ಅಧ್ಯಾಯದಲ್ಲಿದೆ. ಸಣ್ಣದು ಮುಖ್ಯವಾಗುವುದು ಅದು ಸಣ್ಣದೆಂಬ ಕಾರಣಕ್ಕಲ್ಲ. ಪ್ರೀತಿ, ನ್ಯಾಯ, ಸತ್ಯ ಎಂಬ ದೊಡ್ಡವು ಮನುಷ್ಯನ ದಿನದೊಳಗೆ ಬರಲು ಅಷ್ಟೇ ದೊಡ್ಡ ಬಾಗಿಲು ಇರುವುದಿಲ್ಲ. ಅವು ಸಣ್ಣ ಕಿಂಡಿಯಿಂದಲೇ ಬರಬೇಕು.

ಇದನ್ನು ಚೆನ್ನಾಗಿ ಅರಿತವರು ಲಿಸ್ಯೂವಿನ ಸಂತ ತೆರೇಸಾ. 1873ರಲ್ಲಿ ಹುಟ್ಟಿ, 15ನೇ ವಯಸ್ಸಿನಲ್ಲಿ ಕಾರ್ಮೆಲ್ ಮಠ ಸೇರಿ, 1897ರಲ್ಲಿ 24ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡ ಹುಡುಗಿ. ಮಠ ಬಿಟ್ಟು ಹೊರಗೆ ಹೋಗಿ ದೊಡ್ಡ ಕಾರ್ಯ ಮಾಡಲಿಲ್ಲ. ಬಟ್ಟೆ ಒಗೆಯುವಾಗ ಪಕ್ಕದ ಸೋದರಿ ಕೊಳೆ ನೀರು ಮುಖಕ್ಕೆ ಎರಚಿದರೆ ಮುಖ ಸಿಂಡರಿಸದೆ ಇದ್ದದ್ದು, ತನಗೆ ಸ್ವಲ್ಪವೂ ಹಿಡಿಸದ ಸೋದರಿಯನ್ನು ನಗುತ್ತಾ ಮಾತಾಡಿಸಿದ್ದು, ಇಂಥವೇ ಅವರ ಸಾಧನೆ. 1925ರಲ್ಲಿ ಅವರನ್ನು ಸಂತರೆಂದೂ 1997ರಲ್ಲಿ ಧರ್ಮಸಭೆಯ ಪಂಡಿತರೆಂದೂ ಘೋಷಿಸಲಾಯಿತು. ಅವರ ಚಿಕ್ಕ ಹಾದಿಯಲ್ಲಿ ಹೆದರಿಕೆ ಇಲ್ಲ. ತಂದೆಯ ಕೈ ಹಿಡಿದ ಮಗುವಿನ ನಂಬಿಕೆ ಇದೆ.

ಕೈವಾರದ ತಾತಯ್ಯನವರ ಹೆಸರನ್ನು ಈ ಸೀಮೆಯಲ್ಲಿ ಎಲ್ಲ ಮತದವರೂ ಗೌರವದಿಂದ ಹೇಳುತ್ತಾರೆ. ಅವರು ಬಳೆ ಮಾರಿ ಸಂಸಾರ ನಡೆಸಿದವರು. ದೈವಕ್ಕೆ ಹೋಗುವ ಹಾದಿ ದಿನದ ದುಡಿಮೆಯ ಪಕ್ಕದಲ್ಲೇ ಹಾದುಹೋಗುತ್ತದೆ ಎಂಬ ಮಾತು ಈ ಮಣ್ಣಿಗೆ ಹೊಸದಲ್ಲ.

ಸಣ್ಣ ಸದ್ದು ಕೇಳುವ ಜಾಗ

ಗೌರಿಬಿದನೂರಿನ ಬಳಿ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದವರ ಭೂಕಂಪನ ಮಾಪನ ಕೇಂದ್ರವಿದೆ. 1965ರಲ್ಲಿ ಶುರುವಾಯಿತು. ಬಹಳ ದೂರದ ದೇಶದಲ್ಲಿ ಭೂಮಿಯೊಳಗೆ ಬಾಂಬ್ ಸಿಡಿದರೂ, ಭೂಮಿ ನಡುಗಿದರೂ ಇಲ್ಲಿಯ ಉಪಕರಣಗಳಿಗೆ ತಿಳಿಯುತ್ತದೆ. ಇಂಥ ಉಪಕರಣಕ್ಕೆ ಗಟ್ಟಿ ಬಂಡೆಯ ನೆಲ ಬೇಕು, ಸುತ್ತ ಗದ್ದಲ ಕಡಿಮೆ ಇರಬೇಕು. ಗದ್ದಲದ ನಡುವೆ ಇಟ್ಟರೆ ಎಷ್ಟು ಒಳ್ಳೆ ಉಪಕರಣವಾದರೂ ಸಣ್ಣ ಕಂಪನ ಕೇಳದು.

ಮನಸ್ಸಾಕ್ಷಿಯೂ ಹೀಗೆಯೇ. ಅದು ಕೆಟ್ಟಿರುವುದಿಲ್ಲ, ಗದ್ದಲದಲ್ಲಿ ಕೇಳಿಸುವುದಿಲ್ಲ ಅಷ್ಟೆ. ಮೊಬೈಲು, ಟಿ.ವಿ., ಜಗಳ, ಸಾಲದ ಚಿಂತೆ, ಇವೆಲ್ಲದರ ನಡುವೆ ದಿನಕ್ಕೆ ಐದು ನಿಮಿಷವಾದರೂ ಮೌನ ಬೇಕು. ರಾತ್ರಿ ಮಲಗುವ ಮುಂಚೆ ಆತ್ಮಶೋಧನೆ ಮಾಡುವ ಪದ್ಧತಿ ಧರ್ಮಸಭೆಯಲ್ಲಿ ಹಳೆಯದು. ಸಂತ ಇಗ್ನಾಸಿಯವರು ಅದನ್ನು ತಮ್ಮ ಸಭೆಯವರಿಗೆ ತಪ್ಪದೆ ಹೇಳಿಕೊಟ್ಟರು. ಮೊದಲು ದೇವರಿಗೆ ಕೃತಜ್ಞತೆ, ಆಮೇಲೆ ದಿನವನ್ನು ಗಂಟೆ ಗಂಟೆಯಾಗಿ ನೆನೆಯುವುದು, ಕ್ಷಮೆ ಕೇಳುವುದು, ನಾಳೆಗೆ ಒಂದು ನಿರ್ಧಾರ. ಹತ್ತು ನಿರ್ಧಾರ ಬೇಡ, ಒಂದು ಸಾಕು.

ರೇಷ್ಮೆಯವರಿಗೆ ಇದು ಬೇಗ ಅರ್ಥವಾಗುತ್ತದೆ. 1865ರಿಂದ ಐದು ವರ್ಷ ಲೂಯಿ ಪಾಶ್ಚರ್ ಎಂಬ ವಿಜ್ಞಾನಿ ಫ್ರಾನ್ಸಿನಲ್ಲಿ ಗಂಟು ರೋಗದ ಬಗ್ಗೆ ದುಡಿದು ಒಂದು ಉಪಾಯ ಕೊಟ್ಟರು. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ನಾಶ ಮಾಡುವುದು. ಇಂದಿಗೂ ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆಯ ಪರೀಕ್ಷೆ ನಡೆಯುತ್ತದೆ. ಗೂಡು ಕೆಟ್ಟ ಮೇಲೆ ಅಳುವುದಕ್ಕಿಂತ ಮೊಟ್ಟೆಯಲ್ಲೇ ನೋಡುವುದು ಜಾಣತನ. ಆತ್ಮಶೋಧನೆಯಲ್ಲೂ "ಏನು ಮಾಡಿದೆ" ಎಂದಷ್ಟೇ ಕೇಳಿದರೆ ಸಾಲದು. "ಇದು ಯಾವ ತಾಯಿಯ ಮೊಟ್ಟೆ" ಎಂದು ಕೇಳಬೇಕು. ಹೆಂಡತಿಗೆ ಬೈದದ್ದು ಸಿಟ್ಟಿನಿಂದಲೋ, ಅವಮಾನದಿಂದಲೋ, ಕುಡಿತದಿಂದಲೋ?

ಎಳೆ ಕಡಿದರೆ

ಇಷ್ಟೆಲ್ಲ ಓದಿದ ಮೇಲೆ ಒಬ್ಬ ಯಾತ್ರಿಕನಿಗೆ ಎದೆ ಭಾರವಾಗಬಹುದು. ಇಪ್ಪತ್ತು ವರ್ಷದಿಂದ ತಪ್ಪು ಎಳೆಯನ್ನೇ ಸುತ್ತಿಕೊಂಡು ಬಂದವನಿಗೆ ಇನ್ನೇನು ಹಾದಿ? ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವವರನ್ನು ನೋಡಬೇಕು. ಬಿಸಿನೀರಿನಲ್ಲಿ ಗೂಡು ಬೇಯುತ್ತಿರುತ್ತದೆ, ಎಳೆ ಎಷ್ಟೋ ಸಲ ಕಡಿಯುತ್ತದೆ. ಕಡಿದಾಗ ಅವರು ಚರಕ ಒದ್ದು ಎದ್ದು ಹೋಗುವುದಿಲ್ಲ. ತುದಿ ಹುಡುಕಿ ಮತ್ತೆ ಸೇರಿಸುತ್ತಾರೆ. ಪಾಪನಿವೇದನೆ ಎಂದರೆ ಅದೇ. ತುದಿ ಹುಡುಕಿ ಕೊಡುವುದು ಮನುಷ್ಯನ ಕೆಲಸ, ಸೇರಿಸುವುದು ದೇವರ ವರಪ್ರಸಾದ. ತುದಿ ಹುಡುಕುವ ಮನಸ್ಸನ್ನು ಕೊಡುವುದೂ ಅದೇ ವರಪ್ರಸಾದ. ಮನುಷ್ಯ ತನ್ನ ಸಣ್ಣ ಪುಣ್ಯಗಳನ್ನು ಕೂಡಿಸಿ ಸ್ವರ್ಗ ಕೊಂಡುಕೊಳ್ಳಲಾರ. ದೇವರು ದಿನಾ ಕೊಡುವುದಕ್ಕೆ ಕೈ ಚಾಚಬಲ್ಲ.

ಯೂದನಿಗೂ ಪೇತ್ರರಿಗೂ ಇದ್ದ ವ್ಯತ್ಯಾಸ ಇಷ್ಟೇ. ಇಬ್ಬರೂ ಬಿದ್ದರು. ಒಬ್ಬ ತುದಿ ಹುಡುಕಲಿಲ್ಲ. ಇನ್ನೊಬ್ಬರು ಅತ್ತರು. ಪುನರುತ್ಥಾನದ ನಂತರ ಸರೋವರದ ದಡದಲ್ಲಿ ಪ್ರಭು ಮತ್ತೆ ಕೆಂಡದ ಬೆಂಕಿ ಮಾಡಿ, ರೊಟ್ಟಿ ಮೀನು ಬಡಿಸಿ, ಪೇತ್ರರನ್ನು ಮೂರು ಸಲ ಪ್ರೀತಿಯ ಬಗ್ಗೆಯೇ ಕೇಳಿದರು. ಯಾವ ಬೆಂಕಿಯ ಮುಂದೆ ಬಿದ್ದಿದ್ದರೋ ಅಂಥದೇ ಬೆಂಕಿಯ ಮುಂದೆ ಎಬ್ಬಿಸಿದರು.

ಒಂದೇ ಬೆಟ್ಟದ ನೀರು

ನಂದಿ ಬೆಟ್ಟದ ಸಾಲಿನಲ್ಲಿ ಚನ್ನಕೇಶವ ಬೆಟ್ಟವಿದೆ. ಅಲ್ಲಿ ಬಿದ್ದ ಮಳೆ ಉತ್ತರಕ್ಕೆ ಹರಿದರೆ ಉತ್ತರ ಪಿನಾಕಿನಿ. ಗೌರಿಬಿದನೂರು ದಾಟಿ ಆಂಧ್ರಕ್ಕೆ ಹೋಗಿ ನೆಲ್ಲೂರಿನ ಬಳಿ ಸಮುದ್ರ ಸೇರುತ್ತದೆ. ಇನ್ನೊಂದು ಕಡೆ ಹರಿದರೆ ದಕ್ಷಿಣ ಪಿನಾಕಿನಿ. ತಮಿಳುನಾಡಿನ ಕಡಲೂರಿನ ಬಳಿ ಸಮುದ್ರ ಸೇರುತ್ತದೆ. ಮೇಲೆ ಬಿದ್ದಾಗ ಎರಡು ಹನಿಗಳ ನಡುವೆ ಗೇಣು ಅಂತರವೂ ಇರದೇ ಹೋಗಬಹುದು. ಕೆಳಗೆ ಬರುವ ಹೊತ್ತಿಗೆ ರಾಜ್ಯವೇ ಬೇರೆ.

ಈಗ ಆ ಹೊಳೆಗಳು ಈ ಸೀಮೆಯಲ್ಲಿ ವರ್ಷದ ಬಹುಪಾಲು ಒಣಗಿರುತ್ತವೆ. ಯಾವ ಒಬ್ಬ ಶತ್ರುವೂ ಬಂದು ಒಣಗಿಸಲಿಲ್ಲ. ಅವರವರ ಕಷ್ಟಕ್ಕೆ ಅವರವರು ಒಂದೊಂದು ಬೋರ್ ಕೊರೆಸಿದರು, ಒಬ್ಬೊಬ್ಬರು ಒಂದಿಷ್ಟು ಕೆರೆ ಅಂಗಳ ಒತ್ತಿದರು, ಮರಳು ತೆಗೆದರು. ಬೋರ್‌ಗಳು 1,000 ಅಡಿ ದಾಟಿದವು. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಹೆಬ್ಬಾಳ-ನಾಗವಾರ ಕಣಿವೆಯಿಂದ ಜಿಲ್ಲೆಯ ಕೆರೆಗಳಿಗೆ ತುಂಬಿಸಬೇಕಾದ ಕಾಲ ಬಂತು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ತಿರುಗಿಸಿದರೂ ನಿಜವೇ. ಹನಿ ಹನಿ ತೆಗೆದರೆ ಹಳ್ಳವೂ ಬತ್ತುತ್ತದೆ.

ಯಾತ್ರಿಕರು ಈಗ ಬೆಟ್ಟ ಇಳಿಯುತ್ತಾರೆ. ಕೆಳಗೆ ಬಸ್ಸು ಕಾಯುತ್ತಿರುತ್ತದೆ. ಸೀಟಿಗೆ ನುಗ್ಗಾಟ, ಮಗು ಎತ್ತಿಕೊಂಡ ಹೆಂಗಸು ನಿಂತಿರುತ್ತಾಳೆ, ಕಂಡಕ್ಟರು ತಪ್ಪಿ ಹತ್ತು ರೂಪಾಯಿ ಹೆಚ್ಚಿಗೆ ಚಿಲ್ಲರೆ ಕೊಟ್ಟಿರುತ್ತಾನೆ. ಹರಕೆಯ ಮೊದಲ ಪರೀಕ್ಷೆ ಅಲ್ಲಿಯೇ. ಮೇಲೆ ಹಚ್ಚಿದ ಮೇಣದಬತ್ತಿ ಸಂಜೆಗೆ ಕರಗಿ ಹೋಗುತ್ತದೆ. ಆ ಸೀಟು ಬಿಟ್ಟುಕೊಟ್ಟದ್ದು, ಆ ಹತ್ತು ರೂಪಾಯಿ ಹಿಂದಕ್ಕೆ ಕೊಟ್ಟದ್ದು ಉಳಿಯುತ್ತದೆ.

ದೇವಮಾತೆ ಮರಿಯಮ್ಮನವರು ಎಲ್ಲ ಯಾತ್ರಿಕರನ್ನು ಕ್ಷೇಮವಾಗಿ ಮನೆ ಮುಟ್ಟಿಸಲಿ. ಸಣ್ಣದರಲ್ಲಿ ನಿಷ್ಠೆಯಿಂದಿರುವ ಬಲವನ್ನು ಪ್ರಭು ಕ್ರಿಸ್ತರು ಪ್ರತಿಯೊಬ್ಬರಿಗೂ ದಯಪಾಲಿಸಲಿ. ಆಮೆನ್.